ಚರ್ಚ್ ಆರಾಧನೆಗೆ ಮೊದಲ ಸಲ ಹೋಗುವವರಿಗೆ: ಬಾಗಿಲಿನಿಂದ ಕೊನೆಯ ಆಶೀರ್ವಾದದವರೆಗೆ

ಚರ್ಚ್‌ನ ಭಾನುವಾರದ ಆರಾಧನೆಗೆ ಹೋಗಲು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಬಹುತೇಕ ಕಡೆ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಮುಂಚೆ ಅನುಮತಿ ಕೇಳಬೇಕಿಲ್ಲ. ಆದರೂ ಹೊಸಬರಿಗೆ ಅಳುಕು ಇದ್ದದ್ದೇ. ಯಾವಾಗ ಎದ್ದು ನಿಲ್ಲಬೇಕು? ಕಾಣಿಕೆ ತಟ್ಟೆ ಮುಂದೆ ಬಂದರೆ ಏನು ಮಾಡಬೇಕು? ಎಲ್ಲರೂ ಸಾಲುಗಟ್ಟಿ ಮುಂದೆ ಹೋದಾಗ ನಾವೂ ಹೋಗಬೇಕೆ? ಇವುಗಳಲ್ಲಿ ಹೆಚ್ಚಿನದು ತಪ್ಪಿದರೂ ಯಾರೂ ಲೆಕ್ಕಕ್ಕಿಡುವುದಿಲ್ಲ. ನಿಜವಾಗಿ ಎಚ್ಚರ ಬೇಕಾದದ್ದು ಒಂದೇ ಘಟ್ಟದಲ್ಲಿ: ರೊಟ್ಟಿ ಮತ್ತು ದ್ರಾಕ್ಷಾರಸ (ವೈನ್) ಹಂಚುವಾಗ. ಅದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲು ಆರಾಧನೆಯ ಹಂದರ ತಿಳಿದುಕೊಳ್ಳಿ

ಸಭೆ (ಕ್ರೈಸ್ತ ಪಂಗಡ) ಯಾವುದೇ ಇರಲಿ, ಆರಾಧನೆಯ ಒಳಗೆ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಮಾತಿನ ಭಾಗ: ಬೈಬಲ್ ವಾಚನ, ಹಾಡು, ಪ್ರಸಂಗ (ಬೋಧನೆಯ ಭಾಷಣ), ಪ್ರಾರ್ಥನೆ. ಎರಡನೆಯದು ಮೇಜಿನ ಭಾಗ: ರೊಟ್ಟಿ, ದ್ರಾಕ್ಷಾರಸ, ಅವುಗಳ ಮೇಲಿನ ಸ್ತುತಿಪ್ರಾರ್ಥನೆ, ಹಂಚಿಕೆ. ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಪಂಡಿತ ಸುಮಾರು ಕ್ರಿ.ಶ. 155ರಲ್ಲಿ ಚಕ್ರವರ್ತಿಗೆ ಬರೆದ ವಿಜ್ಞಾಪನೆಯಲ್ಲಿ ಭಾನುವಾರದ ಕೂಟವನ್ನು ವಿವರಿಸಿದ್ದಾನೆ. ಗ್ರಂಥಪಠಣ, ಬೋಧನೆ, ಎದ್ದು ನಿಂತು ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ, ಬಡವರಿಗಾಗಿ ಹಣ ಸಂಗ್ರಹ. ಈಗಿನ ಕ್ಯಾಥೊಲಿಕ್ ಬಲಿಪೂಜೆಯ, ಅಂದರೆ ಈ ಎರಡು ಭಾಗಗಳ ಆರಾಧನೆಯ, ಕ್ರಮವೂ ಹೆಚ್ಚುಕಡಿಮೆ ಇದೇ.

ಕ್ಯಾಥೊಲಿಕ್, ಆರ್ಥಡಾಕ್ಸ್ ಸಭೆಗಳಲ್ಲಿ ಪ್ರತಿ ಭಾನುವಾರವೂ ಎರಡೂ ಭಾಗಗಳಿರುತ್ತವೆ. ಆಂಗ್ಲಿಕನ್, ಲುಥೆರನ್ ಸಭೆಗಳಲ್ಲಿ ಅನೇಕ ಕಡೆ ವಾರವಾರ, ಕೆಲವು ಕಡೆ ತಿಂಗಳಿಗೊಮ್ಮೆ ಅಥವಾ ಎರಡು ಸಲ. ಬ್ಯಾಪ್ಟಿಸ್ಟ್, ಪ್ರೆಸ್ಬಿಟೇರಿಯನ್, ಮೆಥಡಿಸ್ಟ್ ಸಭೆಗಳಲ್ಲಿ ಹೆಚ್ಚಾಗಿ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ. ಉಳಿದ ವಾರ ಪ್ರಸಂಗವೇ ಪ್ರಧಾನ. ಇದಿಷ್ಟು ತಿಳಿದಿದ್ದರೆ ಭಾಷೆ ಗೊತ್ತಿಲ್ಲದ ಚರ್ಚ್‌ನಲ್ಲೂ ಈಗ ಏನು ನಡೆಯುತ್ತಿದೆ ಎಂದು ಅಂದಾಜು ಸಿಗುತ್ತದೆ.

ಹೊರಡುವ ಮುಂಚೆ

ಸಮಯವನ್ನು ಚರ್ಚ್‌ನ ಸೂಚನಾ ಫಲಕದಲ್ಲೋ ಜಾಲತಾಣದಲ್ಲೋ ನೋಡಿಕೊಳ್ಳಿ. ಒಂದೇ ದಿನ ಬೇರೆ ಬೇರೆ ಭಾಷೆಗಳಲ್ಲಿ ಎರಡು ಮೂರು ಆರಾಧನೆ ಇರಬಹುದು. ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೇ ಸೇರುತ್ತದೆ. ಸೆವೆಂತ್ ಡೇ ಅಡ್ವೆಂಟಿಸ್ಟರ ಮುಖ್ಯ ಆರಾಧನೆ ನಡೆಯುವುದು ಶನಿವಾರ ಬೆಳಿಗ್ಗೆ. ಭಾನುವಾರ ಹೋದರೆ ಬೀಗ ಹಾಕಿರುತ್ತದೆ.

ಎಷ್ಟು ಹೊತ್ತು ಹಿಡಿಯುತ್ತದೆ? ಕ್ಯಾಥೊಲಿಕ್ ಪೂಜೆಗೆ ಸುಮಾರು ಒಂದು ಗಂಟೆ. ಆಂಗ್ಲಿಕನ್, ಲುಥೆರನ್, ಮೆಥಡಿಸ್ಟ್ ಆರಾಧನೆಗೆ ಒಂದರಿಂದ ಒಂದೂವರೆ ಗಂಟೆ. ಆರ್ಥಡಾಕ್ಸ್ ಆರಾಧನೆಗೆ ಒಂದೂವರೆಯಿಂದ ಎರಡು ಗಂಟೆ, ಕೆಲವು ಪರಂಪರೆಗಳಲ್ಲಿ ಇನ್ನೂ ಹೆಚ್ಚು. ಪೆಂತೆಕೋಸ್ತ್ ಸಭೆಗಳಿಗೆ ಎರಡರಿಂದ ಮೂರು ಗಂಟೆ ಇಟ್ಟುಕೊಳ್ಳುವುದು ಒಳ್ಳೆಯದು. ಮುಗಿಯುವ ಹೊತ್ತನ್ನು ಅಲ್ಲಿ ಯಾರೂ ಖಚಿತವಾಗಿ ಹೇಳಲಾರರು.

ಉಡುಪಿನ ವಿಷಯದಲ್ಲಿ ಅತಿ ಚಿಂತೆ ಬೇಡ. ಹೆಗಲು ಮತ್ತು ಮೊಣಕಾಲು ಮುಚ್ಚುವ ಸರಳ ಬಟ್ಟೆ ಎಲ್ಲ ಕಡೆಯೂ ನಡೆಯುತ್ತದೆ. ಗಂಡಸರು ಟೋಪಿ ತೆಗೆಯಬೇಕು. ಕೆಲವು ಆರ್ಥಡಾಕ್ಸ್ ಚರ್ಚ್‌ಗಳಲ್ಲಿ ಹೆಂಗಸರು ತಲೆಗೆ ಬಟ್ಟೆ ಹೊದೆಯುತ್ತಾರೆ, ಹಾಗಾಗಿ ಒಂದು ತೆಳು ವಸ್ತ್ರ ಚೀಲದಲ್ಲಿರಲಿ. ಇಥಿಯೋಪಿಯದ ಆರ್ಥಡಾಕ್ಸ್ ಚರ್ಚ್‌ಗಳಲ್ಲಿ ಪಾದರಕ್ಷೆ ಹೊರಗೇ ಬಿಡಬೇಕು. ಬೇರೆಡೆ ಬಾಗಿಲ ಬಳಿ ಪಾದರಕ್ಷೆಗಳ ಸಾಲು ಕಂಡರೆ ನೀವೂ ಬಿಡಿ.

ಮೊದಲ ಭೇಟಿಗೆ ಕ್ರಿಸ್‌ಮಸ್ ಅಥವಾ ಈಸ್ಟರ್ ಆರಿಸಬೇಡಿ. ಜನ ಕಿಕ್ಕಿರಿದಿರುತ್ತಾರೆ, ಕ್ರಮವೂ ಬೇರೆಯೇ ಇರುತ್ತದೆ. ಕ್ಯಾಥೊಲಿಕರ ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆ ಕತ್ತಲಲ್ಲಿ ಬೆಂಕಿ ಹೊತ್ತಿಸಿ ಶುರುವಾಗುತ್ತದೆ, ಪೂರ್ಣ ಕ್ರಮದಲ್ಲಿ ಒಂಬತ್ತು ವಾಚನಗಳಿರುತ್ತವೆ. ಶುಭ ಶುಕ್ರವಾರದಂದು ಬಲಿಪೂಜೆಯೇ ಇಲ್ಲ. ಹಿಂದಿನ ದಿನ ಪವಿತ್ರೀಕರಿಸಿಟ್ಟ ರೊಟ್ಟಿಯನ್ನು ಹಂಚುತ್ತಾರೆ. ಹಬ್ಬವಿಲ್ಲದ ಒಂದು ಸಾದಾ ಭಾನುವಾರ ಹೋದರೆ ಸಭೆಯ ನಿತ್ಯದ ರೂಪ ಕಾಣುತ್ತದೆ. ಗುರುಗಳ ಮೇಲುವಸ್ತ್ರ ಮತ್ತು ಬಲಿಪೀಠದ (ರೊಟ್ಟಿ, ದ್ರಾಕ್ಷಾರಸ ಇಡುವ ಮೇಜಿನ) ಹೊದಿಕೆ ಹಸಿರಾಗಿದ್ದರೆ ಅದು ಸಾಧಾರಣ ಕಾಲ. ನೇರಳೆ ಎಂದರೆ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲ ಅಥವಾ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ. ಬಿಳಿ ಹಬ್ಬಗಳಿಗೆ, ಕೆಂಪು ಪೆಂತೆಕೋಸ್ತ್ ಹಬ್ಬಕ್ಕೆ ಮತ್ತು ಹುತಾತ್ಮರ ದಿನಗಳಿಗೆ. ಈಸ್ಟರ್ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. ಪಾಶ್ಚಾತ್ಯ ಲೆಕ್ಕದಲ್ಲಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬೀಳುತ್ತದೆ. ಬಹುತೇಕ ಆರ್ಥಡಾಕ್ಸ್ ಸಭೆಗಳು ಹಳೆಯ ಜೂಲಿಯನ್ ಲೆಕ್ಕ ಹಿಡಿಯುವುದರಿಂದ ಅವರ ಈಸ್ಟರ್ ಅನೇಕ ಸಲ ತಡವಾಗಿ ಬರುತ್ತದೆ.

ಒಳಗೆ ಬಂದ ಮೇಲೆ

ಹತ್ತು ಹದಿನೈದು ನಿಮಿಷ ಮುಂಚೆ ತಲುಪಿ. ಮೊಬೈಲ್ ಸದ್ದು ಆರಿಸಿ. ಬಾಗಿಲಲ್ಲಿ ನಿಂತವರು ಆ ದಿನದ ಕ್ರಮವಿರುವ ಹಾಳೆಯನ್ನೋ ಹಾಡಿನ ಪುಸ್ತಕವನ್ನೋ ಕೊಡುತ್ತಾರೆ. ಹೊಸಬರು ಎಂದು ಅವರಿಗೆ ಒಂದು ಮಾತು ಹೇಳಿದರೆ ಸಾಕು, ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ.

ತೀರಾ ಮುಂದೆ ಕೂರಬೇಡಿ, ತೀರಾ ಹಿಂದೆಯೂ ಬೇಡ. ಏಳುವುದು, ಕೂರುವುದು, ಮೊಣಕಾಲೂರುವುದು ಎಲ್ಲವನ್ನೂ ಮುಂದಿನವರನ್ನು ನೋಡಿ ಕಲಿಯಬೇಕಾದ್ದರಿಂದ ನಿಮ್ಮ ಮುಂದೆ ನಾಲ್ಕೈದು ಸಾಲು ಜನ ಇರುವ ಜಾಗ ಒಳ್ಳೆಯದು. ಸಾಲಿನ ನಟ್ಟನಡುವೆ ಸಿಕ್ಕಿಕೊಳ್ಳುವುದಕ್ಕಿಂತ ಅಂಚಿನಲ್ಲಿ ಕೂರಿ. ಪರಮಪ್ರಸಾದಕ್ಕೆ (ಪವಿತ್ರೀಕರಿಸಿದ ರೊಟ್ಟಿ, ದ್ರಾಕ್ಷಾರಸಕ್ಕೆ) ಎಲ್ಲರೂ ಎದ್ದಾಗ ದಾರಿ ಬಿಟ್ಟು ಮತ್ತೆ ಕೂರಬಹುದು. ಕೆಲವು ಸಭೆಗಳಲ್ಲಿ ಗಂಡಸರೊಂದು ಕಡೆ, ಹೆಂಗಸರೊಂದು ಕಡೆ ಕೂರುತ್ತಾರೆ, ಗಮನಿಸಿ. ಬೈಜಾಂಟೈನ್ ಪರಂಪರೆಯ (ಗ್ರೀಕ್, ರಷ್ಯನ್ ಮುಂತಾದ) ಹಲವು ಆರ್ಥಡಾಕ್ಸ್ ಚರ್ಚ್‌ಗಳಲ್ಲಿ ಬೆಂಚುಗಳೇ ಇಲ್ಲ, ಗೋಡೆ ಬದಿಯಲ್ಲಿ ವಯಸ್ಸಾದವರಿಗಷ್ಟೇ ಆಸನ. ಉಳಿದವರು ಪೂರ್ತಿ ನಿಂತೇ ಇರುತ್ತಾರೆ.

ಕ್ಯಾಥೊಲಿಕ್ ಚರ್ಚ್‌ನ ಬಾಗಿಲಲ್ಲಿ ಪವಿತ್ರ ಜಲದ ಬಟ್ಟಲಿರುತ್ತದೆ. ಒಳಬರುವವರು ಬೆರಳದ್ದಿ ಶಿಲುಬೆಯ ಗುರುತು ಹಾಕಿ, ಆಸನಕ್ಕೆ ಹೋಗುವ ಮುಂಚೆ ಒಂದು ಮೊಣಕಾಲು ನೆಲಕ್ಕೆ ತಾಗಿಸುತ್ತಾರೆ. ಪಕ್ಕದಲ್ಲಿ ಸದಾ ಉರಿಯುವ ದೀಪವಿರುವ ಚಿಕ್ಕ ಪೆಟ್ಟಿಗೆಯಲ್ಲಿ ಪರಮಪ್ರಸಾದ ಇರುತ್ತದೆ. ಆ ಗೌರವ ಅದಕ್ಕೆ. ಇದನ್ನೆಲ್ಲ ನೀವು ಅನುಕರಿಸಬೇಕಿಲ್ಲ. ಬಲಿಪೀಠದ ಮೆಟ್ಟಿಲು ಮಾತ್ರ ಹತ್ತಬೇಡಿ, ಆರ್ಥಡಾಕ್ಸ್ ಚರ್ಚ್‌ಗಳಲ್ಲಿ ಬಲಿಪೀಠದ ಮುಂದಿರುವ ಚಿತ್ರಗಳ ಗೋಡೆಯ ಅಥವಾ ಪರದೆಯ ಆಚೆ ಇಣುಕಬೇಡಿ. ಫೋಟೊ ಬೇಕಿದ್ದರೆ ಆರಾಧನೆ ಮುಗಿದ ಮೇಲೆ ಕೇಳಿ ತೆಗೆಯಿರಿ.

ತಡವಾಗಿ ಬಂದರೆ ಬಾಗಿಲ ಬಳಿ ನಿಂತು ಹಾಡು ಶುರುವಾದಾಗ ಒಳಗೆ ಹೋಗಿ. ಪ್ರಾರ್ಥನೆ ನಡೆಯುವಾಗ ಅಥವಾ ಶುಭಸಂದೇಶ (ಯೇಸುವಿನ ಜೀವನ ಹೇಳುವ ಮತ್ತಾಯ, ಮಾರ್ಕ, ಲೂಕ, ಯೋಹಾನ ಪುಸ್ತಕಗಳ ಭಾಗ) ಓದುವಾಗ ನಡುದಾರಿಯಲ್ಲಿ ನಡೆಯುವುದು ಕಣ್ಣಿಗೆ ಹೊಡೆಯುತ್ತದೆ.

ಮಾತಿನ ಭಾಗ

ಪ್ರವೇಶಗೀತೆ, ಸ್ವಾಗತ, ಪಾಪನಿವೇದನೆಯ ಪ್ರಾರ್ಥನೆ. ಗೋಡೆಯ ಮೇಲಿನ ಹಲಗೆಯಲ್ಲಿ ಸಂಖ್ಯೆಗಳಿದ್ದರೆ ಅವು ಸಾಮಾನ್ಯವಾಗಿ ಆ ದಿನದ ಹಾಡುಗಳ ಸಂಖ್ಯೆ, ಪುಟಸಂಖ್ಯೆಯಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ನಂತರ ವಾಚನಗಳು. ಕ್ಯಾಥೊಲಿಕ್ ಭಾನುವಾರದಲ್ಲಿ ಸಾಮಾನ್ಯವಾಗಿ ಹಳೆಯ ಒಡಂಬಡಿಕೆಯಿಂದ ಒಂದು, ಕೀರ್ತನೆಯೊಂದು, ಪ್ರೇಷಿತರ ಪತ್ರಗಳಿಂದ ಒಂದು, ಕೊನೆಗೆ ಶುಭಸಂದೇಶ. ಶುಭಸಂದೇಶಕ್ಕೆ ಎಲ್ಲರೂ ಎದ್ದು ನಿಲ್ಲುತ್ತಾರೆ, ನೀವೂ ನಿಲ್ಲಿ. ಯಾವ ಭಾನುವಾರ ಯಾವ ಭಾಗ ಓದಬೇಕೆಂಬುದು ಮೂರು ವರ್ಷಗಳ ಸರದಿಯಲ್ಲಿ ಮೊದಲೇ ನಿಗದಿಯಾಗಿರುತ್ತದೆ: ಒಂದು ವರ್ಷ ಮತ್ತಾಯ, ಇನ್ನೊಂದು ವರ್ಷ ಮಾರ್ಕ, ಮತ್ತೊಂದು ವರ್ಷ ಲೂಕ, ಯೋಹಾನ ಇವುಗಳ ನಡುನಡುವೆ ಬರುತ್ತಾನೆ. ಅನೇಕ ಪ್ರಾಟೆಸ್ಟಂಟ್ (ಲುಥೆರನ್, ಮೆಥಡಿಸ್ಟ್ ಮುಂತಾದ) ಸಭೆಗಳೂ ಇದನ್ನೇ ಹೋಲುವ ಸರದಿ ಅನುಸರಿಸುತ್ತವೆ. ಬ್ಯಾಪ್ಟಿಸ್ಟ್, ಪೆಂತೆಕೋಸ್ತ್ ಸಭೆಗಳಲ್ಲಿ ವಾಚನವನ್ನು ಆರಿಸುವುದು ಪಾಸ್ಟರ್. ‘ಯೋಹಾನ 3:16’ ಎಂದರೆ ಯೋಹಾನನ ಪುಸ್ತಕದ ಮೂರನೆಯ ಅಧ್ಯಾಯ, ಹದಿನಾರನೆಯ ವಚನ. ಬೈಬಲನ್ನು ಸರಿಸುಮಾರು ನಡುವಿಗೆ ತೆರೆದರೆ ಕೀರ್ತನೆಗಳು ಸಿಗುತ್ತವೆ. ಉಳಿದದ್ದಕ್ಕೆ ಪರಿವಿಡಿ ನೋಡಲು ಸಂಕೋಚ ಬೇಡ.

ಕ್ಯಾಥೊಲಿಕ್ ಪ್ರಬೋಧನೆ ಚಿಕ್ಕದು. ಎಂಟು ನಿಮಿಷ ಮೀರಬಾರದು ಎಂದು ಪೋಪ್ ಫ್ರಾನ್ಸಿಸ್ 2024ರಲ್ಲಿ ಗುರುಗಳಿಗೆ ಹೇಳಿದ್ದರು, ಎಲ್ಲರೂ ಪಾಲಿಸುತ್ತಾರೆಂದಲ್ಲ. ಪ್ರಾಟೆಸ್ಟಂಟ್ ಪ್ರಸಂಗ ಇಪ್ಪತ್ತರಿಂದ ನಲವತ್ತು ನಿಮಿಷ. ಅಲ್ಲಿ ಪ್ರಸಂಗವೇ ಆರಾಧನೆಯ ತಿರುಳು, ಜನ ಬೈಬಲ್ ಬಿಚ್ಚಿಟ್ಟು ಟಿಪ್ಪಣಿ ಬರೆದುಕೊಳ್ಳುವುದನ್ನೂ ಕಾಣಬಹುದು.

ಪ್ರಸಂಗದ ಬಳಿಕ ಹಲವು ಸಭೆಗಳಲ್ಲಿ ಎಲ್ಲರೂ ನಿಂತು ವಿಶ್ವಾಸಪ್ರಮಾಣ ಹೇಳುತ್ತಾರೆ. ನೀವು ನಿಲ್ಲಿ, ಆದರೆ ನಂಬದ್ದನ್ನು ಬಾಯಲ್ಲಿ ಹೇಳಬೇಕಿಲ್ಲ. ಅದು ‘ನಂಬುತ್ತೇನೆ’ ಎಂಬ ಸ್ವಂತ ಘೋಷಣೆ. ಮೌನವಾಗಿ ನಿಲ್ಲುವುದನ್ನು ಯಾರೂ ಅಗೌರವ ಎನ್ನುವುದಿಲ್ಲ.

ಮೇಜಿನ ಭಾಗ: ಇಲ್ಲಿ ನಿಧಾನಿಸಿ

ಮೊದಲ ಶತಮಾನಗಳಲ್ಲಿ ದೀಕ್ಷಾಸ್ನಾನ (ಕ್ರೈಸ್ತರಾಗುವ ನೀರಿನ ಸಂಸ್ಕಾರ) ಆಗದವರನ್ನು ಈ ಹಂತಕ್ಕೆ ಮುಂಚೆಯೇ ಹೊರಗೆ ಕಳಿಸುತ್ತಿದ್ದರು. ಬೈಜಾಂಟೈನ್ ಆರಾಧನೆಯಲ್ಲಿ ವಿಶ್ವಾಸಪ್ರಮಾಣಕ್ಕೆ ಮುಂಚೆ ‘ಬಾಗಿಲುಗಳು, ಬಾಗಿಲುಗಳು’ ಎಂದು ಕೂಗುವುದು ಆ ಕಾಲದ ಉಳಿಕೆ. ಈಗ ಸಾಮಾನ್ಯವಾಗಿ ಯಾರನ್ನೂ ಹೊರಗೆ ಕಳಿಸುವುದಿಲ್ಲ, ನೋಡುತ್ತ ಕೂರಬಹುದು.

ಹಂಚುವುದನ್ನು ಕಂಡಾಗ ದೇವಸ್ಥಾನದ ಪ್ರಸಾದದ ಹಾಗೆ ಬಂದವರಿಗೆಲ್ಲ ಕೊಡುವುದು ಎಂದುಕೊಳ್ಳುವುದು ಸಹಜ. ಹಾಗಲ್ಲ. ಕ್ಯಾಥೊಲಿಕ್ ಮತ್ತು ಆರ್ಥಡಾಕ್ಸ್ ನಂಬಿಕೆಯಲ್ಲಿ ಆ ರೊಟ್ಟಿ, ದ್ರಾಕ್ಷಾರಸ ಕ್ರಿಸ್ತನ ಶರೀರ ಮತ್ತು ರಕ್ತವೇ ಆಗುತ್ತವೆ. ಸ್ವೀಕರಿಸುವುದೆಂದರೆ ಆ ಸಭೆಯೊಂದಿಗೆ ನಂಬಿಕೆಯಲ್ಲಿ ಪೂರ್ತಿ ಒಂದಾಗಿದ್ದೇನೆ ಎಂದು ಸಾರಿದಂತೆ. ಆದ್ದರಿಂದ ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ ಅಲ್ಲಿ ಅವರವರ ಸದಸ್ಯರಿಗೆ ಮಾತ್ರ ಕೊಡುತ್ತಾರೆ, ಬೇರೆ ಪಂಗಡದ ಕ್ರೈಸ್ತರಿಗೂ ಇಲ್ಲ. ಸದಸ್ಯರಿಗೂ ಸಿದ್ಧತೆ ಇದೆ: ಕ್ಯಾಥೊಲಿಕರು ಒಂದು ಗಂಟೆ ಮುಂಚಿನಿಂದ ಏನೂ ತಿನ್ನುವುದಿಲ್ಲ, ಆರ್ಥಡಾಕ್ಸರು ಸಾಮಾನ್ಯವಾಗಿ ಹಿಂದಿನ ಮಧ್ಯರಾತ್ರಿಯಿಂದ ಉಪವಾಸವಿರುತ್ತಾರೆ. ಅನೇಕ ಆಂಗ್ಲಿಕನ್ ಸಭೆಗಳು ಯಾವುದೇ ಪಂಗಡದಲ್ಲಿ ದೀಕ್ಷಾಸ್ನಾನ ಪಡೆದವರನ್ನು ಸ್ವಾಗತಿಸುತ್ತವೆ. ಲುಥೆರನ್ನರಲ್ಲಿ ಎರಡೂ ಬಗೆಯವರಿದ್ದಾರೆ. ಬ್ಯಾಪ್ಟಿಸ್ಟರಲ್ಲಿ, ಪೆಂತೆಕೋಸ್ತರಲ್ಲಿ ಹಂಚುವ ಮುನ್ನ ಪಾಸ್ಟರ್ ಯಾರು ತೆಗೆದುಕೊಳ್ಳಬಹುದೆಂದು ಹೇಳುತ್ತಾರೆ. ಮೆಥಡಿಸ್ಟರಲ್ಲಿ ಬಹಳ ಕಡೆ ಮೇಜು ಎಲ್ಲರಿಗೂ ತೆರೆದಿರುತ್ತದೆ. ನಿಯಮ ಗೊತ್ತಿಲ್ಲದಿದ್ದರೆ ಕೂತಲ್ಲೇ ಕೂತಿರಿ.

ಸಾಲಿನಲ್ಲಿ ಹೋಗಿ ಆಶೀರ್ವಾದ ಮಾತ್ರ ಪಡೆಯುವ ರೂಢಿ ಹಲವು ಆಂಗ್ಲಿಕನ್, ಕೆಲವು ಕ್ಯಾಥೊಲಿಕ್ ಚರ್ಚ್‌ಗಳಲ್ಲಿದೆ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಮಡಚಿಕೊಂಡು ಹೋದರೆ ಗುರುಗಳು ರೊಟ್ಟಿ ಕೊಡದೆ ಆಶೀರ್ವದಿಸುತ್ತಾರೆ. ಇದನ್ನೇ ಬೈಜಾಂಟೈನ್ ಆರ್ಥಡಾಕ್ಸ್ ಚರ್ಚ್‌ನಲ್ಲಿ ಮಾಡಿದರೆ ಅರ್ಥ ತಿರುವುಮುರುವಾಗುತ್ತದೆ: ಅಲ್ಲಿ ಕೈ ಹಾಗೆ ಮಡಚಿಕೊಂಡು ಬರುವವರು ಪರಮಪ್ರಸಾದ ಸ್ವೀಕರಿಸಲು ಬರುವವರೇ. ಗುರುಗಳು ಚಮಚದಲ್ಲಿ ನೇರ ಬಾಯಿಗೆ ಕೊಡುವುದರಿಂದ ಕೊನೆಯ ಕ್ಷಣದಲ್ಲಿ ಬೇಡವೆನ್ನುವುದು ಇಬ್ಬರಿಗೂ ಮುಜುಗರ. ಆ ಸಾಲಿಗೆ ಸೇರಲೇಬೇಡಿ. ಆರಾಧನೆಯ ಕೊನೆಯಲ್ಲಿ ಅಲ್ಲಿ ಪವಿತ್ರೀಕರಿಸದ, ಬರೀ ಆಶೀರ್ವದಿಸಿದ ರೊಟ್ಟಿಯ ತುಂಡುಗಳನ್ನು ಹಂಚುವುದುಂಟು. ಅದನ್ನು ಅನೇಕ ಕಡೆ ಅತಿಥಿಗಳಿಗೂ ಕೊಡುತ್ತಾರೆ. ಪಕ್ಕದವರು ನೀಡಿದರೆ ತೆಗೆದುಕೊಳ್ಳಬಹುದು.

ಗೊತ್ತಿಲ್ಲದೆ ಸಾಲಿನಲ್ಲಿ ಹೋಗಿ ಕ್ಯಾಥೊಲಿಕ್ ಗುರುಗಳಿಂದ ಬಿಲ್ಲೆಯಂಥ ತೆಳು ರೊಟ್ಟಿ ಅಂಗೈಗೆ ಬಂದುಬಿಟ್ಟರೆ? ಜೇಬಿಗೆ ಹಾಕಬೇಡಿ, ಆಸನಕ್ಕೆ ಒಯ್ಯಬೇಡಿ, ಎಲ್ಲೂ ಇಟ್ಟು ಹೋಗಬೇಡಿ. ಅಲ್ಲೇ ನಿಂತು ‘ನಾನು ಕ್ಯಾಥೊಲಿಕ್ ಅಲ್ಲ’ ಎಂದು ಮೆಲ್ಲಗೆ ಹೇಳಿ ಹಿಂದಿರುಗಿಸಿ. ಆ ರೊಟ್ಟಿಯನ್ನು ಹೊರಗೆ ಒಯ್ಯುವುದು ಅವರ ದೃಷ್ಟಿಯಲ್ಲಿ ಘೋರ ಅಪಚಾರ. ಯಾರಾದರೂ ನಿಮ್ಮ ಹಿಂದೆಯೇ ಓಡಿಬಂದರೆ ಕಾರಣ ಇದು.

ಬ್ಯಾಪ್ಟಿಸ್ಟ್ ಮಾದರಿಯ ಸಭೆಗಳಲ್ಲಿ ಜನ ಎದ್ದು ಹೋಗುವುದಿಲ್ಲ, ತಟ್ಟೆಯೇ ಸಾಲಿನುದ್ದಕ್ಕೂ ಬರುತ್ತದೆ: ರೊಟ್ಟಿಯ ಚೂರುಗಳು, ಪುಟ್ಟ ಲೋಟಗಳಲ್ಲಿ ದ್ರಾಕ್ಷಿ ರಸ. ಹುದುಗದ ರಸ ಬಳಸುವ ರೂಢಿ ಹರಡಿದ್ದು ಅಮೆರಿಕದ ದಂತವೈದ್ಯ ಥಾಮಸ್ ವೆಲ್ಚ್ 1869ರಲ್ಲಿ ದ್ರಾಕ್ಷಿ ರಸವನ್ನು ಕಾಯಿಸಿ ಕೆಡದಂತೆ ಇಡುವ ಕ್ರಮ ಕಂಡುಕೊಂಡ ಮೇಲೆ. ಬೇಡವಾದರೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿ. ತೆಗೆದುಕೊಂಡರೆ ತಕ್ಷಣ ತಿನ್ನಬೇಡಿ, ಹೆಚ್ಚಿನ ಕಡೆ ಎಲ್ಲರಿಗೂ ತಲುಪಿದ ಮೇಲೆ ಒಟ್ಟಿಗೆ ಸ್ವೀಕರಿಸುತ್ತಾರೆ.

ಹಂಚಿಕೆಗೆ ಮುಂಚೆ ಹೆಚ್ಚಾಗಿ ಕರ್ತನ ಪ್ರಾರ್ಥನೆ ಇರುತ್ತದೆ, ಕ್ಯಾಥೊಲಿಕರು ಪರಲೋಕ ಮಂತ್ರ ಎನ್ನುವುದು ಇದನ್ನೇ. ಮತ್ತಾಯನ ಆರನೆಯ ಅಧ್ಯಾಯದಲ್ಲಿರುವ ಇದು ನಿಮಗೆ ಬಾಯಿಪಾಠ ಬಂದರೂ ಒಂದು ಎಚ್ಚರ. ಪ್ರಾಟೆಸ್ಟಂಟರು ‘ಕೇಡಿನಿಂದ ತಪ್ಪಿಸು’ ಎಂಬ ಬೇಡಿಕೆಯಾದ ಕೂಡಲೇ ರಾಜ್ಯ, ಬಲ, ಮಹಿಮೆ ಎಂಬ ಸ್ತುತಿವಾಕ್ಯಕ್ಕೆ ಹೋಗುತ್ತಾರೆ. ಬಲಿಪೂಜೆಯಲ್ಲಿ ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಗುರುಗಳು ಒಂದು ಪ್ರಾರ್ಥನೆ ಹೇಳಿದ ಮೇಲಷ್ಟೇ ಆ ವಾಕ್ಯ. ನಿಲ್ಲಿಸದವರ ದನಿ ಚರ್ಚ್ ತುಂಬ ಒಂಟಿಯಾಗಿ ಕೇಳುತ್ತದೆ. ಇದರ ಹಿಂದೆಯೋ ಮುಂದೆಯೋ ಶಾಂತಿ ಹಂಚಿಕೊಳ್ಳುವ ಕ್ರಮವಿದೆ. ಕೈ ಕುಲುಕಿ ಅಥವಾ ಕೈ ಮುಗಿದು ‘ಶಾಂತಿ’ ಎಂದರೆ ಸಾಕು.

ಕಾಣಿಕೆ

ಪ್ರಸಂಗಕ್ಕೂ ಮೇಜಿಗೂ ನಡುವೆ ಚೀಲವೋ ತಟ್ಟೆಯೋ ಬರುತ್ತದೆ. ಅತಿಥಿಗಳು ಹಾಕಲೇಬೇಕೆಂದಿಲ್ಲ. ಆದಾಯದ ಹತ್ತನೆಯ ಒಂದು ಪಾಲು, ಅಂದರೆ ದಶಮಾಂಶ, ಕೊಡುವ ಮಾತು ಬಂದರೂ ಅದು ಸದಸ್ಯರಿಗೆ ಹೇಳಿದ್ದು. ಹೊಸಬರ ಮೇಲೆ ಹಣಕ್ಕೆ ಒತ್ತಡ ಹಾಕುವ ಸಭೆಯನ್ನು ಅನುಮಾನದಿಂದ ನೋಡುವುದೇ ಸರಿ.

ಈ ಹಂದರಕ್ಕೆ ಹೊಂದದ ಆರಾಧನೆಗಳು

ಪೆಂತೆಕೋಸ್ತ್ ಸಭೆಗಳಲ್ಲಿ ಮುದ್ರಿತ ಕ್ರಮವಿರುವುದಿಲ್ಲ. ಅರ್ಧ ಮುಕ್ಕಾಲು ಗಂಟೆ ಹಾಡು, ಎತ್ತಿದ ಕೈಗಳು, ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥನೆ, ನಡುವೆ ಅನ್ಯಭಾಷೆಗಳಲ್ಲಿ, ಅಂದರೆ ಕಲಿಯದ ನುಡಿಗಳಲ್ಲಿ, ಮಾತು. ಇದು ಪವಿತ್ರಾತ್ಮನ ವರ ಎಂಬುದು ಅವರ ನಂಬಿಕೆ. 1906ರಲ್ಲಿ ಲಾಸ್ ಏಂಜಲಿಸ್‌ನ ಅಜುಸಾ ಬೀದಿಯಲ್ಲಿ ಆರಂಭವಾದ ಕೂಟಗಳಿಂದ ಇದು ಜಗತ್ತಿನೆಲ್ಲೆಡೆ ಹಬ್ಬಿತು. ಕೂಟದಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು ಸರದಿಯಂತೆ ಮಾತಾಡಲಿ, ಒಬ್ಬನು ಅರ್ಥ ಹೇಳಲಿ ಎಂದು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನಾಲ್ಕನೆಯ ಅಧ್ಯಾಯ ಹೇಳುತ್ತದೆ. ಎಲ್ಲ ಸಭೆಗಳೂ ಇದನ್ನು ಒಂದೇ ರೀತಿ ಪಾಲಿಸುವುದಿಲ್ಲ. ಸ್ಪೀಕರಿನಿಂದ ದೂರ ಕೂರಿ. ಹೊಸಬರು ಎದ್ದು ನಿಲ್ಲಿ ಎಂದಾಗಲೋ ಪ್ರಾರ್ಥನೆಗೆ ಮುಂದೆ ಬನ್ನಿ ಎಂದಾಗಲೋ ಮನಸ್ಸಿಲ್ಲದಿದ್ದರೆ ಹೋಗಬೇಡಿ. ಯಾರಾದರೂ ತಲೆಯ ಮೇಲೆ ಕೈಯಿಡಲು ಬಂದರೆ ‘ಬೇಡ, ವಂದನೆ’ ಎನ್ನಬಹುದು.

ಕ್ವೇಕರ್ ಪಂಗಡದ ಸಾಂಪ್ರದಾಯಿಕ ಕೂಟ ಇದಕ್ಕೆ ತದ್ವಿರುದ್ಧ. ಗುರುವಿಲ್ಲ, ಹಾಡಿಲ್ಲ, ಒಂದು ಗಂಟೆ ಮೌನ. ಯಾರಿಗಾದರೂ ಪ್ರೇರಣೆಯಾದರೆ ಎದ್ದು ನಾಲ್ಕು ಮಾತು ಹೇಳುತ್ತಾರೆ. ಇಬ್ಬರು ಕೈ ಕುಲುಕಿದರೆ ಮುಗಿಯಿತು. ಸಾಲ್ವೇಶನ್ ಆರ್ಮಿಯವರಲ್ಲಿ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರವೂ ಇಲ್ಲ, ದೀಕ್ಷಾಸ್ನಾನವೂ ಇಲ್ಲ.

ಅವರು ನಂಬುವುದೇನು

ಹೆಚ್ಚಿನ ಸಭೆಗಳಿಗೆ ಸಮಾನವಾದ ನಂಬಿಕೆ ನೈಸೀಯ ವಿಶ್ವಾಸಪ್ರಮಾಣದಲ್ಲಿದೆ. 325ರ ನೈಸೀಯ ಮಹಾಸಭೆಯಲ್ಲಿ ರೂಪುಗೊಂಡು, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯೊಂದಿಗೆ ಗುರುತಿಸುವ ವಿಸ್ತೃತ ರೂಪದಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ. ದೇವರು ಒಬ್ಬನೇ, ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ವ್ಯಕ್ತಿಗಳಲ್ಲಿ. ಯೇಸು ಪೂರ್ಣ ದೇವರೂ ಪೂರ್ಣ ಮನುಷ್ಯನೂ. ಆತ ಶಿಲುಬೆಯಲ್ಲಿ ಸತ್ತು ಮೂರನೆಯ ದಿನ ಎದ್ದುಬಂದ, ಮತ್ತೆ ಬರುತ್ತಾನೆ, ಸತ್ತವರು ಏಳುತ್ತಾರೆ. ಪುನರುತ್ಥಾನವನ್ನು ತೆಗೆದರೆ ಉಳಿದದ್ದು ನಿಲ್ಲುವುದಿಲ್ಲ ಎಂದು ಬೈಬಲಿನ ಪತ್ರಗಳನ್ನು ಬರೆದ ಪ್ರೇಷಿತ ಪೌಲನೇ ಬರೆದಿದ್ದಾನೆ. ಭಾನುವಾರವೇ ಆರಾಧನೆಯ ದಿನವಾದದ್ದೂ ಅದರಿಂದ. ತ್ರಿಯೇಕತ್ವ, ಅಂದರೆ ಮೂರು ವ್ಯಕ್ತಿಗಳಲ್ಲಿ ಒಬ್ಬನೇ ದೇವರು ಎಂಬುದನ್ನು, ಒಪ್ಪದ ಯೆಹೋವನ ಸಾಕ್ಷಿಗಳಂಥ ಗುಂಪುಗಳೂ ಇವೆ. ಅವುಗಳ ಕೂಟದ ಕ್ರಮವೂ ಬೇರೆ.

ಭಿನ್ನಾಭಿಪ್ರಾಯ ಮುಖ್ಯವಾಗಿ ನಾಲ್ಕು ಕಡೆ. ದೀಕ್ಷಾಸ್ನಾನ ಕೂಸುಗಳಿಗೂ ಕೊಡಬಹುದೆನ್ನುವವರು ಕ್ಯಾಥೊಲಿಕರು, ಆರ್ಥಡಾಕ್ಸರು, ಲುಥೆರನ್ನರು, ಆಂಗ್ಲಿಕನ್ನರು. ನಂಬಿಕೆ ಒಪ್ಪಿಕೊಂಡ ಮೇಲೆಯೇ, ಅದೂ ನೀರಲ್ಲಿ ಪೂರ್ತಿ ಮುಳುಗಿಸಿ ಎನ್ನುವವರು ಬ್ಯಾಪ್ಟಿಸ್ಟರು, ಪೆಂತೆಕೋಸ್ತರು. ರೊಟ್ಟಿ ದ್ರಾಕ್ಷಾರಸದ ವಿಷಯ 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಕೂತ ಪ್ರಾಟೆಸ್ಟಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿಗೂ ಬಗೆಹರಿಯಲಿಲ್ಲ. ಕ್ರಿಸ್ತನ ಶರೀರ ನಿಜವಾಗಿ ಅಲ್ಲಿದೆ ಎಂದ ಲೂಥರ್, ಇದು ಸ್ಮರಣೆ ಎಂದ ಜ್ವಿಂಗ್ಲಿ. ರಕ್ಷಣೆಯ ವಿಷಯದಲ್ಲಿ ಬಹುಕಾಲ ಜಗಳವಿದ್ದರೂ ಕ್ಯಾಥೊಲಿಕರೂ ಲುಥೆರನ್ನರೂ 1999ರಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದ್ದಾರೆ: ನೀತಿವಂತರೆನಿಸುವುದು ದೇವರ ಕೃಪೆಯಿಂದ, ನಮ್ಮ ಪುಣ್ಯದಿಂದಲ್ಲ ಎಂದು. ಇನ್ನು ಯೇಸುವಿನ ತಾಯಿ ಮರಿಯಮ್ಮ ಮತ್ತು ಸಂತರ ಪ್ರತಿಮೆ, ಚಿತ್ರಗಳು. ಆರಾಧನೆ ದೇವರಿಗೆ ಮಾತ್ರ, ಚಿತ್ರಗಳಿಗೆ ಗೌರವ ಎಂದು 787ರ ಎರಡನೆಯ ನೈಸೀಯ ಮಹಾಸಭೆ ಗೆರೆ ಎಳೆಯಿತು. ಕ್ಯಾಥೊಲಿಕರೂ ಬೈಜಾಂಟೈನ್ ಆರ್ಥಡಾಕ್ಸರೂ ಆ ಗೆರೆಯನ್ನು ಒಪ್ಪುತ್ತಾರೆ, ಬಹುತೇಕ ಪ್ರಾಟೆಸ್ಟಂಟರಿಗೆ ಸಂತರಿಗೆ ಪ್ರಾರ್ಥಿಸುವುದೇ ಸಮ್ಮತವಲ್ಲ. ಬೈಬಲೂ ಸ್ವಲ್ಪ ಬೇರೆ: ಪ್ರಾಟೆಸ್ಟಂಟರದ್ದು 66 ಪುಸ್ತಕಗಳು, ಕ್ಯಾಥೊಲಿಕರದ್ದು 73, ಆರ್ಥಡಾಕ್ಸರದ್ದು ಇನ್ನೂ ಹೆಚ್ಚು.

ಮುಗಿದ ಮೇಲೆ

ಕೊನೆಯ ಆಶೀರ್ವಾದವಾಗಿ, ಗುರುಗಳು ಹೊರನಡೆದು, ಹಾಡು ಮುಗಿಯುವವರೆಗೆ ಕಾಯಿರಿ. ಬಾಗಿಲಲ್ಲಿ ಮಾತಿಗೆ ಸಿಗುತ್ತಾರೆ. ಕ್ಯಾಥೊಲಿಕ್ ಗುರುಗಳನ್ನು ಫಾದರ್ ಎಂದೂ ಪ್ರಾಟೆಸ್ಟಂಟ್ ಸಭಾಪಾಲಕರನ್ನು ಪಾಸ್ಟರ್ ಎಂದೂ ಕರೆದರೆ ತಪ್ಪಿಲ್ಲ. ಕಂಡದ್ದರಲ್ಲಿ ತಿಳಿಯದ್ದನ್ನು ಕೇಳಿ, ಆದರೆ ಬಾಗಿಲಲ್ಲಿ ಸಾಲು ನಿಂತಿರುವಾಗ ಒಂದೇ ಪ್ರಶ್ನೆ ಸಾಕು. ದೊಡ್ಡ ಚರ್ಚೆಗೆ ವಾರದ ನಡುವೆ ಸಮಯ ಕೇಳಿಕೊಳ್ಳಿ. ಹೊಸಬರ ವಿವರದ ಚೀಟಿ ಕೊಟ್ಟರೆ ಹೆಸರಷ್ಟೇ ಬರೆದು ಫೋನ್ ಸಂಖ್ಯೆಯ ಜಾಗ ಖಾಲಿ ಬಿಡಬಹುದು. ಸಂಖ್ಯೆ ಬರೆದರೆ ಆ ವಾರದಲ್ಲೇ ಕರೆ ಬರುವ ಸಾಧ್ಯತೆ ಹೆಚ್ಚು.